ಮಂಪರು ಮಧ್ಯಾಹ್ನದ ಕಳ್ಳ ಮೇಲ್‌ಗಳು

ಬ್ಯಾಂಕಿನಲ್ಲಿ ಕೆಲಸ ಮಾಡುವವರು ಕತೆ ಹುಡುಕಿಕೊಂಡು ಎಲ್ಲೂ ಹೋಗಬೇಕಾಗಿಲ್ಲ. ಅವೇ ಟೋಕನ್ ತೆಗೆದುಕೊಂಡು, ಬೆಂಚಿನ ಮೇಲೆ ಕೂತು, ಸರದಿ ಬಂದಾಗ ಎದ್ದು ಬರುತ್ತವೆ.

ಮೂಡಲಪಾಳ್ಯದ ಒಂದು ಬ್ಯಾಂಕ್ ಶಾಖೆಯಲ್ಲಿ ವಿಚಾರಣೆ ಮೇಜಿನ ಹಿಂದೆ ಕೂತು ನನಗೆ ಒಂಬತ್ತು ವರ್ಷವಾಯಿತು. ಮನೆ ಆರ್‌ಪಿಸಿ ಲೇಔಟು. ಬೆಳಿಗ್ಗೆ ಸ್ಕೂಟರ್ ಹತ್ತಿದರೆ ಕಾಲು ಗಂಟೆಯಲ್ಲಿ ಶಾಖೆ. ನನ್ನ ಮೇಜು ಕಿಟಕಿಯ ಪಕ್ಕದಲ್ಲಿದೆ, ಕಿಟಕಿಯಾಚೆ ಒಂದು ಹೊಂಗೆ ಮರ. ಯುಗಾದಿಯ ಆಸುಪಾಸಿನಲ್ಲಿ ಅದರ ಹೂ ಉದುರಿ, ಯಾರೋ ಮೂಟೆ ಬಿಚ್ಚಿ ಕಡ್ಲೆಪುರಿ ಚೆಲ್ಲಿದ ಹಾಗೆ ಫುಟ್‌ಪಾತ್ ಪೂರಾ ಮುಚ್ಚಿಹೋಗುತ್ತದೆ. ಮಧ್ಯಾಹ್ನ ಊಟವಾದ ಮೇಲೆ ಆ ಮರದ ನೆರಳು ಮೆಲ್ಲಗೆ ಕಿಟಕಿ ದಾಟಿ ಒಳಗೆ ಬಂದು ನನ್ನ ಕಂಪ್ಯೂಟರಿನ ಮೇಲೆ ಆಡುತ್ತದೆ. ಫ್ಯಾನು ಒಂದೇ ರಾಗದಲ್ಲಿ ಗುಂಯ್ ಅನ್ನುತ್ತದೆ. ಪಾಸ್‌ಬುಕ್ ಪ್ರಿಂಟರ್ ಕೂಡ ತೂಕಡಿಸಿ ತೂಕಡಿಸಿ ಒಂದೊಂದು ಸಾಲು ಹೊಡೆಯುತ್ತದೆ. ಎರಡೂವರೆಯಿಂದ ನಾಲ್ಕರವರೆಗೆ ನಮ್ಮ ಶಾಖೆ ನೆಲದ ಮೇಲೆ ಇರುವುದಿಲ್ಲ, ಗೇಣುದ್ದ ಮೇಲೆ ತೇಲುತ್ತಿರುತ್ತದೆ ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ.

ಅಂಥ ಹೊತ್ತಿನಲ್ಲೇ ಈ ಕಳ್ಳ ಮೇಲ್‌ಗಳ ಗಿರಾಕಿಗಳು ಬರುತ್ತಿದ್ದರು. ಒಂದು ವರ್ಷ ನಮ್ಮ ಏರಿಯಾದಲ್ಲಿ ಅವುಗಳ ಸುಗ್ಗಿ. ಮೇಲ್‌ನಲ್ಲಿ ನಮ್ಮ ಬ್ಯಾಂಕಿನ ಹೆಸರು, ನಮ್ಮದೇ ಚಿಹ್ನೆ, ನಮ್ಮದೇ ಬಣ್ಣ. ಕಳಿಸಿದವರು ಮಾತ್ರ ನಾವಲ್ಲ. ‘ನಿಮ್ಮ ಖಾತೆ ಬಂದ್ ಆಗುತ್ತದೆ, ಕೂಡಲೇ ಇಲ್ಲಿ ಒತ್ತಿ’ ಅಂತ ಕೆಳಗೊಂದು ನೀಲಿ ಸಾಲು. ಒತ್ತಿದರೆ ನಮ್ಮ ವೆಬ್‌ಸೈಟಿನ ಅವಳಿ ತಂಗಿಯಂಥ ಪುಟ ತೆರೆಯುತ್ತದೆ. ಅಲ್ಲಿ ಪಾಸ್‌ವರ್ಡ್ ಬರೆದವರ ಕತೆ ಮುಗಿಯಿತು.

ಬರೆಯದೆ ಬಂದವರ, ಬರೆದೂ ಬಚಾವಾದವರ ಕತೆ ಇಲ್ಲಿ ಹೇಳುತ್ತೇನೆ.

ಮುಚ್ಚುವ ಮುಹೂರ್ತ

ಮೊದಲು ಬಂದವರು ಹಳೇ ಊರಿನ ಯಜಮಾನರು. ಎಲ್ಲರೂ ಗೌಡ್ರು ಅನ್ನುತ್ತಾರೆ. ಹೊಲವಿದ್ದ ಕಡೆ ಈಗ ಮೂರು ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದಾರೆ. ಮೇಲ್ ವಿಳಾಸ ಅವರದಾದರೂ ಓದುವುದು ಕಾಲೇಜಿಗೆ ಹೋಗುವ ಮೊಮ್ಮಗಳು.

ಆವತ್ತು ಹನ್ನೊಂದು ಗಂಟೆಗೆ ಗೌಡ್ರು ಇಸ್ತ್ರಿ ಮಾಡಿದ ಬಿಳಿ ಶರಟು, ಬಿಳಿ ಪಂಚೆ, ಹೆಗಲ ಮೇಲೆ ಟವೆಲು, ಕೈಯಲ್ಲಿ ಮೂರು ಅಂತಸ್ತಿನ ಟಿಫನ್ ಕ್ಯಾರಿಯರ್ ಹಿಡಿದುಕೊಂಡು ಬಂದು, ನನ್ನ ಎದುರಿನ ಸೋಫಾದಲ್ಲಿ ಕೂತರು.

“ಏನ್ ಗೌಡ್ರೇ, ಊಟದ ಕ್ಯಾರಿಯರ್ ಸಮೇತ ಬಂದ್ಬಿಟ್ಟಿದೀರ?” ಅಂದೆ.

“ಇವತ್ತು ನನ್ನ ಅಕೌಂಟ್ ಮುಚ್ತೀರಂತಲ್ಲಮ್ಮ. ನೆನ್ನೆ ಸಂಜೆ ನಾಲ್ಕೂವರೆಗೆ ಮೇಲ್ ಬಂತು. ಇಪ್ಪತ್ನಾಕು ಗಂಟೆ ಟೈಮ್ ಕೊಟ್ಟವ್ರೆ. ನಮ್ಮ ಹುಡುಗಿ ‘ತಾತ, ಇಲ್ಲಿ ಒತ್ತಿದ್ರೆ ಮುಚ್ಚಲ್ವಂತೆ’ ಅಂದ್ಲು. ನಾನು ಬೇಡ ಅಂದೆ. ಒತ್ತೋದೇನಿದ್ರೂ ಬ್ಯಾಂಕಿಗೆ ಹೋಗಿ ಹೆಬ್ಬೆಟ್ಟು ಒತ್ತೋದು. ಫೋನಲ್ಲಿ ಒತ್ತೋದೆಂಥದ್ದು?”

ನನಗೆ ಖುಷಿಯಾಗಿ ಹೋಯಿತು. ಇಷ್ಟು ದಿನ ಗೋಡೆಗೆ ಅಂಟಿಸಿದ ಪೋಸ್ಟರ್ ಹೇಳಲಾಗದ್ದನ್ನು ಗೌಡ್ರು ಒಂದೇ ಮಾತಿನಲ್ಲಿ ಹೇಳಿದ್ದರು. “ಒಳ್ಳೇ ಕೆಲಸ ಮಾಡಿದ್ರಿ ಗೌಡ್ರೇ. ಅದು ನಾವು ಕಳಿಸಿದ್ದಲ್ಲ. ಯಾರೋ ಕಳ್ಳರು ನಮ್ಮ ಹೆಸರು ಹಾಕ್ಕೊಂಡು ಕಳ್ಸಿದಾರೆ. ನಿಮ್ಮ ಅಕೌಂಟಿಗೆ ಏನೂ ಆಗಲ್ಲ, ಮನೆಗೆ ಹೋಗಿ.”

ಗೌಡ್ರು ನನ್ನ ಮುಖವನ್ನು ಕನಿಕರದಿಂದ ನೋಡಿದರು. “ನೀನು ನನ್ನ ಸಮಾಧಾನಕ್ಕೆ ಹೇಳ್ತೀಯ ಕಣಮ್ಮ. ಆಸ್ಪತ್ರೇಲೂ ಹಿಂಗೇ, ಏನೂ ಆಗಲ್ಲ ಮನೆಗೋಗಿ ಅಂತಾರೆ. ನಲವತ್ತು ವರ್ಷದ ಅಕೌಂಟು. ಮುಚ್ಚೋ ಹೊತ್ತಲ್ಲಿ ನಾನು ಎದುರಿಗಿರದಿದ್ರೆ ಹೆಂಗೆ?”

ಕಂಪ್ಯೂಟರ್ ತಿರುಗಿಸಿ ಅವರ ಖಾತೆ ತೋರಿಸಿದೆ. ಪಾಸ್‌ಬುಕ್ ಪ್ರಿಂಟ್ ಹಾಕಿಕೊಟ್ಟೆ. “ಈಗ ಚೆನ್ನಾಗೈತೆ, ನಾಲ್ಕೂವರೆಗೆ ಏನಾಯ್ತದೋ” ಅಂದರು. ಊಟದ ಹೊತ್ತಿಗೆ ಕ್ಯಾರಿಯರ್ ಬಿಚ್ಚಿದರು. ಮುದ್ದೆ, ಬಸ್ಸಾರು, ಮಜ್ಜಿಗೆ. ನನಗೂ ಒಂದು ಬಟ್ಟಲು ಸಾರು ಕೊಟ್ಟು ಕಿಟಕಿಯಾಚೆ ಕೈ ತೋರಿಸಿದರು.

“ಆ ಹೊಂಗೆ ಮರ ನಮ್ಮಪ್ಪ ನೆಟ್ಟಿದ್ದು. ನಿನ್ನ ಮೇಜು ಐತಲ್ಲ, ಇಲ್ಲಿ ರಾಗಿ ಕಣ ಇತ್ತು. ಮಧ್ಯಾಹ್ನ ಉಂಡು ಇಲ್ಲೇ ಒರಗ್ತಿದ್ವಿ. ಗಾಳಿ ಹಿಂಗೇ ಬೀಸ್ತಿತ್ತು.”

ಹೇಳುತ್ತ ಹೇಳುತ್ತ ಅವರ ಮಾತು ನಿಧಾನವಾಯಿತು. ಅರವತ್ತು ವರ್ಷದ ಹಿಂದಿನ ಆ ಗಾಳಿಯೇ ನಮ್ಮ ಫ್ಯಾನಿನಿಂದ ಬೀಸುತ್ತಿತ್ತೋ ಏನೋ, ಟವೆಲ್ ತಲೆಗಿಟ್ಟುಕೊಂಡು ಅದೇ ಸೋಫಾದಲ್ಲಿ ನಿದ್ದೆ ಹೋದರು. ಯಾರೂ ಎಬ್ಬಿಸಲಿಲ್ಲ. ಅವರದೇ ಕಣದಲ್ಲಿ ಅವರು ಮಲಗಿದ್ದಾರೆ, ಎಬ್ಬಿಸಲು ನಾವ್ಯಾರು?

ನಾಲ್ಕೂವರೆಗೆ ನಮ್ಮ ಸೆಕ್ಯುರಿಟಿ ಗಾರ್ಡು ದಡದಡ ಅಂತ ಅರ್ಧ ಶಟರ್ ಎಳೆದ. ಗೌಡ್ರು ದಿಗ್ಗನೆ ಎದ್ದು ಕೂತರು.

“ಮುಚ್ಚಿದ್ರಾ?”

“ಹೂಂ ಗೌಡ್ರೇ, ಈಗ್ಲೇ ಮುಚ್ಚಿದ್ವಿ” ಅಂದ ಗಾರ್ಡು, ಶಟರಿನ ಲೆಕ್ಕದಲ್ಲಿ.

ಗೌಡ್ರು ಟವೆಲಿನಿಂದ ಕಣ್ಣೊತ್ತಿಕೊಂಡು, “ಬೆಳಿಗ್ಗೆಯಿಂದ ಪಕ್ಕದಲ್ಲೇ ಕೂತಿದ್ದು, ಕೊನೇ ಗಳಿಗೇಲಿ ನಿದ್ದೆ ಮಾಡ್ಬಿಟ್ನಲ್ಲಮ್ಮ!” ಅಂದರು.

ನೂರಕ್ಕೆ ನಲವತ್ತೊಂದು

ಚಂದ್ರಾ ಲೇಔಟಿನಲ್ಲಿ ಒಬ್ಬರು ನಿವೃತ್ತ ಕನ್ನಡ ಮೇಷ್ಟ್ರಿದ್ದಾರೆ. ಜೇಬಿನಲ್ಲಿ ಈಗಲೂ ಕೆಂಪು ಪೆನ್ನು. ಬ್ಯಾಂಕಿನ ಚಲನ್ ತುಂಬಿಸುವಾಗ ನಮ್ಮ ಬೋರ್ಡಿನ ಕಾಗುಣಿತ ತಿದ್ದಿ ಹೋಗುವವರು. ಕಳ್ಳ ಮೇಲ್‌ಗಳು ಕನ್ನಡದಲ್ಲೂ ಬರಲು ಶುರುವಾದ ವಾರ, ಒಂದು ಮಧ್ಯಾಹ್ನ ಎರಡು ಹಾಳೆ ಹಿಡಿದು ಬಂದರು.

“ನೋಡಮ್ಮ, ಇವೆರಡೂ ನಿಮ್ಮ ಬ್ಯಾಂಕಿನ ಹೆಸರಲ್ಲಿ ಬಂದಿವೆ. ಒಂದು ನಿಮ್ಮದು, ಒಂದು ಕಳ್ಳನದು ಅಂತ ಮಗ ಹೇಳಿದ. ಯಾವುದು ಯಾವುದು ಅಂತ ಹೇಳಬೇಡ ಅಂತ ಅವನಿಗೆ ತಾಕೀತು ಮಾಡಿ, ನಾನೇ ಮೌಲ್ಯಮಾಪನ ಮಾಡಿದೀನಿ. ನೀನು ಸರಿಯೋ ತಪ್ಪೋ ಹೇಳು, ಸಾಕು.”

ಮೊದಲ ಹಾಳೆ ಮೇಜಿನ ಮೇಲಿಟ್ಟರು. ಅದರ ತುಂಬಾ ಕೆಂಪು ಶಾಯಿ.

‘ಪ್ರೀತಿಯ ಬೆಲೆಬಾಳುವ ಗ್ರಾಹಕ, ನಿಮ್ಮ ಖಾತೆಯು ನೋವಿನಲ್ಲಿದೆ. ದಯೆಯಿಂದ ಕೆಳಗಿನ ಕೊಂಡಿಯನ್ನು ಹೊಡೆಯಿರಿ. ಸೋತಲ್ಲಿ ನೀವು ಅಮಾನತಿನಲ್ಲಿ ನೇತಾಡುವಿರಿ.’

“ಭಾಷೆ ಎಡವಿದೆ, ಒಪ್ತೀನಿ” ಅಂದರು ಮೇಷ್ಟ್ರು. “ಆದರೆ ಭಾವ ಇದೆ. ಪ್ರೀತಿಯ ಅಂದಿದಾನೆ, ಬೆಲೆಬಾಳುವ ಅಂದಿದಾನೆ. ಖಾತೆ ನೋವಿನಲ್ಲಿದೆ ಅನ್ನೋದು ಒಂಥರಾ ಕವಿತೆ. ನೂರಕ್ಕೆ ನಲವತ್ತೊಂದು. ಪಾಸು. ಇದು ನಿಮ್ಮ ಬ್ಯಾಂಕಿನದು.”

ನಾನು ಬಾಯಿ ಬಿಡುವ ಮೊದಲೇ ಎರಡನೆಯದನ್ನು ಮುಂದಿಟ್ಟರು. ಅದರಲ್ಲಿ ಶಾಯಿ ಕೆಂಪಾಗಿ ಹರಿದು ಮೂಲ ಅಕ್ಷರವೇ ಕಾಣುತ್ತಿರಲಿಲ್ಲ. ಕನ್ನಡಕ ಏರಿಸಿ ಅವರೇ ಓದಿದರು.

“‘ಸದರಿ ಖಾತೆದಾರರು ಸದರಿ ದಾಖಲೆಯನ್ನು ಸದರಿ ಶಾಖೆಗೆ ಸದರಿ ದಿನಾಂಕದೊಳಗಾಗಿ ಸಲ್ಲಿಸತಕ್ಕದ್ದು, ತಪ್ಪಿದಲ್ಲಿ ಸಲ್ಲಿಸದಿರುವಿಕೆಯನ್ನು ಸಲ್ಲಿಸಲು ನಿರಾಕರಿಸಿದಂತೆ ಪರಿಗಣಿಸಲಾಗುವುದು.’ ಇದನ್ನ ಮನುಷ್ಯ ಅನ್ನೋನು ಬರೀತಾನಾ? ನೂರಕ್ಕೆ ಹದಿನೇಳು. ಇದು ಪಕ್ಕಾ ಕಳ್ಳ!”

ನೆರಳು ನನ್ನ ಮೇಜಿನ ಮೇಲೆ ಅಲುಗಾಡುತ್ತಿತ್ತು. ನಾನು ಆ ನೆರಳನ್ನೇ ನೋಡುತ್ತ ಕೂತೆ.

“ಯಾಕಮ್ಮ ಸುಮ್ಮನಾದೆ?”

“ಸಾರ್… ಸದರಿ ಅನ್ನೋದು ನಮ್ಮದು.”

ಮೇಷ್ಟ್ರು ಹದಿನೇಳು ಕೊಟ್ಟಿದ್ದ ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡರು. ನಾನು ಮೆಲ್ಲಗೆ ಹೇಳಿಕೊಟ್ಟೆ. ಭಾಷೆ ನೋಡಿ ನಂಬಬೇಡಿ ಸಾರ್, ಇವತ್ತು ತಪ್ಪು ಬರೆಯುವ ಕಳ್ಳ ನಾಳೆ ಸರಿಯಾಗಿ ಬರೆಯುತ್ತಾನೆ. ಕಳಿಸಿದವರ ವಿಳಾಸ ಪೂರ್ತಿ ನೋಡಿ, ನಮ್ಮ ಹೆಸರಿನಲ್ಲಿ ಒಂದಕ್ಷರ ಆಚೀಚೆ ಆಗಿರುತ್ತದೆ. ಲಿಂಕ್ ಒತ್ತಬೇಡಿ. ಅನುಮಾನ ಬಂದರೆ ನೇರ ಇಲ್ಲಿಗೆ ಬನ್ನಿ. ಅವರು ಕಳ್ಳನ ಹಾಳೆ ಎತ್ತಿಕೊಂಡು ವಿಳಾಸದ ಸಾಲನ್ನು ಬೆರಳಿಟ್ಟು ಓದಿದರು.

“ಇದೇನಾ ಅವನ ವಿಳಾಸ?”

“ಹೌದು ಸಾರ್. ಯಾಕೆ? ಉತ್ತರ ಗಿತ್ತರ ಬರೀಬೇಡಿ ಮತ್ತೆ!”

“ನಾನ್ಯಾಕೆ ಬರೀಲಿ? ನಿಮ್ಮ ಹೆಡ್ ಆಫೀಸಿಗೆ ಕೊಡು. ಅವನ ಹತ್ತಿರ ಟ್ಯೂಷನ್ ಹಾಕಿಸ್ಕೊಳ್ಳಲಿ.”

ಕ್ಷಮೆ

ಊರಿಗೆಲ್ಲ ಬುದ್ಧಿ ಹೇಳುವ ನಾನೇ ಒಂದು ದಿನ ಜಾರಿಬಿಡುತ್ತಿದ್ದೆ. ಇದನ್ನು ಇದುವರೆಗೆ ಯಾರಿಗೂ ಹೇಳಿಲ್ಲ.

ಡಬ್ಬಿಯಲ್ಲಿ ಮೊಸರನ್ನ, ದಾಳಿಂಬೆ ಬೇರೆ ಹಾಕಿದ್ದೆ. ತಿಂದು ಕೂತವಳಿಗೆ ಕಣ್ಣು ತೆರೆದೇ ಇದ್ದರೂ ಕಾಣುತ್ತಿದ್ದುದು ಬೇರೇನೋ. ಕ್ಯಾಷ್ ಕೌಂಟರಿನ ಗಾಜು ಕೆರೆಯ ನೀರಿನ ಹಾಗೆ ತೊನೆಯುತ್ತಿತ್ತು. ಅದರಾಚೆ ಕ್ಯಾಷಿಯರ್ ಮೀನಿನ ಹಾಗೆ ಬಾಯಿ ಆಡಿಸುತ್ತಿದ್ದರು. ಅಷ್ಟರಲ್ಲಿ ನನ್ನ ಸ್ವಂತ ಫೋನಿಗೆ ಮೇಲ್ ಬಂತು. ನಮ್ಮ ಬ್ಯಾಂಕಿನಿಂದಲೇ. ‘ನಿಮ್ಮ ವಿವರಗಳನ್ನು ನವೀಕರಿಸಿ.’

ಹೌದಲ್ವಾ, ನವೀಕರಿಸಬೇಕು, ಅಂದುಕೊಂಡೆ ಆ ಕೆರೆಯ ತಳದಲ್ಲಿ ಕೂತು. ಬೆರಳು ತಾನಾಗಿಯೇ ನೀಲಿ ಸಾಲಿನ ಮೇಲೆ ಇಳಿಯುತ್ತಿತ್ತು. ಇನ್ನು ಒಂದು ಕೂದಲೆಳೆ ಅಂತರ. ಆಗ ಕೊನೆಯ ಸಾಲು ಕಣ್ಣಿಗೆ ಬಿತ್ತು.

‘ನಿಮಗಾದ ತೊಂದರೆಗೆ ಹೃತ್ಪೂರ್ವಕ ಕ್ಷಮೆ ಕೋರುತ್ತೇನೆ. ಇಂತಿ, ಶಾಖಾ ವ್ಯವಸ್ಥಾಪಕರು, ಮೂಡಲಪಾಳ್ಯ ಶಾಖೆ.’

ನಿದ್ದೆ ಹಾರಿಹೋಯಿತು. ನಮ್ಮ ಮ್ಯಾನೇಜರ್ ಕ್ಷಮೆ ಕೇಳುವುದೇ? ಹೋದ ವರ್ಷ ಆಯುಧಪೂಜೆಯ ದಿನ ಶೂ ಹಾಕಿಕೊಂಡು ನನ್ನ ಕಾಲ್ಬೆರಳು ತುಳಿದು, “ಕಾಲು ನೋಡಿ ಇಟ್ಕೊಳ್ಳಿ ಮೇಡಂ” ಅಂದವರು ಅವರು. ಗಾಜಿನ ಕ್ಯಾಬಿನ್ನಿನಲ್ಲಿ ಆಗಲೂ ಯಾರಿಗೋ ಫೋನಿನಲ್ಲಿ ದಬಾಯಿಸುತ್ತಿದ್ದರು. ಫೋನ್ ತೆಗೆದುಕೊಂಡು ಹೋಗಿ ತೋರಿಸಿದೆ.

ಅವರು ಓದಿದರು. ಇನ್ನೊಂದು ಸಲ ಓದಿದರು. “ನನ್ನ ಹೆಸರಲ್ಲಿ! ಎಷ್ಟು ಚೆನ್ನಾಗಿ ನಕಲು ಮಾಡಿದಾನ್ರೀ! ನೀವು ಹೆಂಗೆ ಕಂಡುಹಿಡಿದ್ರಿ?”

ನನ್ನ ಬಡ್ತಿಯ ಕಡತ ಅವರ ಮೇಜಿನ ಮೇಲೇ ಇತ್ತು.

“ವಿಳಾಸ ನೋಡಿದೆ ಸಾರ್” ಅಂದೆ.

ಪರೀಕ್ಷೆ

ಅದಾಗಿ ಎರಡು ತಿಂಗಳಿಗೆ ಹೆಡ್ ಆಫೀಸಿನವರು ನಮ್ಮನ್ನೇ ಪರೀಕ್ಷೆ ಮಾಡಿದರು. ಹೇಳದೆ ಕೇಳದೆ ಅವರೇ ಒಂದು ಸುಳ್ಳು ಮೇಲ್ ತಯಾರಿಸಿ ಸಿಬ್ಬಂದಿಗೆಲ್ಲ ಕಳಿಸಿದರು. ‘ಅಭಿನಂದನೆ! ನಿಮಗೆ ಕುಟುಂಬ ಸಮೇತ ಊಟಿ ಪ್ರವಾಸ. ಹೆಸರು ನೋಂದಾಯಿಸಲು ಇಲ್ಲಿ ಒತ್ತಿ.’

ಬಂದದ್ದು ಮೂರು ಗಂಟೆಯ ಮಂಪರಿನಲ್ಲಿ. ಏಪ್ರಿಲ್ ಸೆಕೆ ಬೇರೆ. ಕ್ಯಾಷಿಯರ್ ಒತ್ತಿದರು. ಸಾಲದ ವಿಭಾಗದವರು ಒತ್ತಿ, ಅತ್ತೆಯನ್ನೂ ಸೇರಿಸಬಹುದಾ ಅಂತ ವಾಪಸ್ ಪ್ರಶ್ನೆಯನ್ನೂ ಕಳಿಸಿದರು. ಮ್ಯಾನೇಜರ್ ಮೊದಲೇ ಒತ್ತಿ, ಮನೆಗೆ ಫೋನ್ ಮಾಡಿ ಸ್ವೆಟರ್ ತೆಗೆದಿಡಲು ಹೇಳಿದ್ದರು. ನಾನೂ ಒತ್ತಿದೆ. ಇದರಲ್ಲಿ ಯಾರೂ ಕ್ಷಮೆ ಕೇಳಿರಲಿಲ್ಲವಲ್ಲ.

ಮರುದಿನ ನಿಜವಾದ ಮೇಲ್ ಬಂತು. ‘ನಿಮ್ಮ ಶಾಖೆ ಪರೀಕ್ಷೆಯಲ್ಲಿ ಅನುತ್ತೀರ್ಣವಾಗಿದೆ. ಎಲ್ಲರೂ ತರಬೇತಿಗೆ ಹೆಸರು ನೋಂದಾಯಿಸಲು ಇಲ್ಲಿ ಒತ್ತಿ.’

“ಇದೂ ಪರೀಕ್ಷೆನೇ. ಯಾರೂ ಒತ್ತಬೇಡಿ” ಅಂದರು ಮ್ಯಾನೇಜರ್, ಅನುಭವಸ್ಥರ ದನಿಯಲ್ಲಿ. ನಾವು ಒತ್ತಲಿಲ್ಲ. ಜ್ಞಾಪನಾ ಪತ್ರ ಬಂತು, ಅಳಿಸಿದೆವು. ‘ಕೊನೆಯ ಎಚ್ಚರಿಕೆ’ ಅಂತ ಬಂತು. ಹೀಗೆ ಹೆದರಿಸುವುದೇ ಕಳ್ಳರ ಲಕ್ಷಣ ಅಂತ ತೀರ್ಮಾನಿಸಿ ಅದರ ಮೇಲೆ ದೂರನ್ನೇ ಕೊಟ್ಟೆವು.

ಕೊನೆಗೆ ಹೆಡ್ ಆಫೀಸಿನ ಅಧಿಕಾರಿಯೊಬ್ಬರು ಖುದ್ದಾಗಿ ಬಂದರು. ಮ್ಯಾನೇಜರ್ ಹೊರಗೆ ಹೋಗಿದ್ದರು. ಬಾಗಿಲಲ್ಲೇ ಗಾರ್ಡು ತಡೆದ.

“ಯಾರು ಸಾರ್ ನೀವು?”

“ಹೆಡ್ ಆಫೀಸಿಂದ ಬಂದಿದೀನಿ. ನೋಡಿ ಐಡಿ ಕಾರ್ಡು.”

“ಕಾರ್ಡು ಯಾರ್ ಬೇಕಾದ್ರೂ ಮಾಡಿಸ್ಕೋಬೋದು ಸಾರ್. ನೋಡಿ, ಇಲ್ಲೇ ಬರ್ದೈತೆ.” ಪಕ್ಕದ ಪೋಸ್ಟರ್ ತೋರಿಸಿದ. ‘ಬ್ಯಾಂಕಿನವರು ಎಂದು ಹೇಳಿಕೊಂಡು ಯಾರೇ ಬಂದರೂ ಪರಿಶೀಲಿಸದೆ ನಂಬಬೇಡಿ.’ ಆ ಪೋಸ್ಟರ್ ಬರೆದವರು ಅದೇ ಅಧಿಕಾರಿ. ಅದನ್ನು ಹೇಳಿದ್ದಕ್ಕೆ ಗಾರ್ಡು, “ಹಂಗೇ ಹೇಳ್ತಾರೆ ಸಾರ್ ಎಲ್ಲ್ರೂ” ಅಂದ.

ಮ್ಯಾನೇಜರ್ ಬರುವವರೆಗೆ ಒಂದು ಗಂಟೆ ಅಧಿಕಾರಿ ಹೊಂಗೆ ಮರದ ಕೆಳಗೆ ಕಲ್ಲುಬೆಂಚಿನ ಮೇಲೆ ಕೂತಿದ್ದರು. ನಾನು ನೋಡಿದಾಗ ಕಣ್ಣು ಮುಚ್ಚಿ, ತಲೆಯ ಮೇಲೆ, ಹೆಗಲ ಮೇಲೆ ಬಿಳಿ ಹೂ ಹೊತ್ತು, ಯಾವುದೋ ವ್ರತದಲ್ಲಿ ಕೂತ ಋಷಿಯ ಹಾಗೆ ಕಂಡರು. ಆ ಹೊತ್ತಿನಲ್ಲಿ ಅವರ ಸಿಟ್ಟೂ ಇಳಿದಿತ್ತೇನೋ. ಒಳಗೆ ಬಂದು ನಮಗೆಲ್ಲ ಬೈದು, ಗಾರ್ಡ್ ಕೈ ಕುಲುಕಿ, “ಈ ಶಾಖೆಯಲ್ಲಿ ಪಾಸಾಗಿರೋದು ನೀವೊಬ್ರೇ. ನಿಮಗೆ ಬಹುಮಾನ ಕಳಿಸ್ತೀನಿ” ಅಂದರು.

ಮಾತಿಗೆ ತಪ್ಪಲಿಲ್ಲ. ಮುಂದಿನ ಸೋಮವಾರ ಗಾರ್ಡ್ ಫೋನಿಗೆ ಮೆಸೇಜು ಬಂತು. ‘ಅಭಿನಂದನೆ! ನೀವು ಬಹುಮಾನ ಗೆದ್ದಿದ್ದೀರಿ. ಪಡೆಯಲು ಇಲ್ಲಿ ಒತ್ತಿ.’

ಗಾರ್ಡು ಅದನ್ನು ನನಗೆ ತೋರಿಸಿ, “ನನ್ ಹತ್ರಾನೇ ಆಟ ನೋಡಿ ಮೇಡಂ” ಅಂತ ನಕ್ಕು ಅಳಿಸಿಹಾಕಿದ.

ಹುಟ್ಟಿದ ದಿನ

ಇಷ್ಟೆಲ್ಲ ನಕ್ಕರೂ, ಒಂದು ದಿನ ಮಾತ್ರ ನನ್ನ ಎದೆ ನಿಜಕ್ಕೂ ಹೊಡೆದುಕೊಂಡಿತು.

ನಮ್ಮ ಶಾಖೆಯ ಹಿಂದಿನ ಅಡ್ಡರಸ್ತೆಯಲ್ಲಿ ಒಂದು ಬ್ಯೂಟಿ ಪಾರ್ಲರ್ ಇದೆ. ನಡೆಸುವವರು ಗಂಡನನ್ನು ಕಳಕೊಂಡ ಮೇಲೆ ಒಬ್ಬರೇ ನಿಂತು ಅಂಗಡಿ ಕಟ್ಟಿದವರು. ಪಾರ್ಲರನ್ನು ಮುಖ್ಯರಸ್ತೆಗೆ ತರಬೇಕು, ದೊಡ್ಡ ಕನ್ನಡಿ ಹಾಕಿಸಬೇಕು ಅಂತ ಹನ್ನೊಂದು ವರ್ಷದಿಂದ ಕೂಡಿಟ್ಟುಕೊಂಡು ಬಂದಿದ್ದರು. ಆ ಕನ್ನಡಿಯ ಬಗ್ಗೆ ಮಾತಾಡುವಾಗ ಅವರ ಕಣ್ಣು ಎಲ್ಲೋ ದೂರ ಹೋಗುತ್ತಿತ್ತು. ನೋಡಲು ನಲವತ್ತು ದಾಟಿದ ಹಾಗಿರಲಿಲ್ಲ. ನಿಜ ವಯಸ್ಸು ಏರಿಯಾದ ಒಬ್ಬರಿಗೂ ಗೊತ್ತಿರಲಿಲ್ಲ.

ಆವತ್ತು ಮೂರು ಗಂಟೆಗೆ ಅವರು ಏಪ್ರನ್ ಕೂಡ ಬಿಚ್ಚದೆ, ಬೆರಳಿಗೆ ಹುಬ್ಬು ತೀಡುವ ದಾರ ಸುತ್ತಿಕೊಂಡೇ ಓಡಿಬಂದರು. ಫೋನನ್ನೂ ಪಾರ್ಲರಿನಲ್ಲೇ ಬಿಟ್ಟಿದ್ದರು. ಅವರ ಹಿಂದೆಯೇ, “ರೀ, ನನ್ನ ಇನ್ನೊಂದು ಹುಬ್ಬು!” ಅಂತ ಒಬ್ಬರು ಗಿರಾಕಿ. ಎಡ ಹುಬ್ಬು ಕಾಮನಬಿಲ್ಲು, ಬಲ ಹುಬ್ಬು ಕಾಡು.

“ಮೇಡಂ, ಬ್ಯಾಂಕಿಂದ ಮೇಲ್ ಬಂದಿತ್ತು. ಒತ್ತಿದೆ. ಪಾಸ್‌ವರ್ಡು, ಕಾರ್ಡ್ ನಂಬರು, ಎಲ್ಲಾ ಬರೆದೆ. ಆಮೇಲೆ ಇವ್ರಿಗೆ ಹೇಳಿದ್ರೆ, ಅಯ್ಯೋ ಅದು ಮೋಸ ಅಂದ್ರು!”

“ಎಷ್ಟೊತ್ತಾಯ್ತು?”

“ಹದಿನೈದು ನಿಮಿಷ.”

ಈ ಕೆಲಸದಲ್ಲಿ ಹದಿನೈದು ನಿಮಿಷ ಅಂದರೆ ಒಂದು ಯುಗ. ಕಂಪ್ಯೂಟರಿಗೆ ಕೈ ಹಾಕಿದೆ. ಸರ್ವರ್ ಡೌನ್. ಶಾಖೆಯ ಫೋನಿನಿಂದ ಸಹಾಯವಾಣಿಗೆ ಕರೆ ಮಾಡಿದೆ. ನೆಟ್ ಬ್ಯಾಂಕಿಂಗ್ ನಿಲ್ಲಿಸಿ, ಕಾರ್ಡ್ ನಿಲ್ಲಿಸಿ ಅಂದೆ. ಆ ಕಡೆಯ ಹುಡುಗಿ ಖಾತೆದಾರರೇ ಮಾತಾಡಬೇಕು ಅಂದಳು. ರಿಸೀವರ್ ಅವರ ಕೈಗೆ ಕೊಟ್ಟೆ. ಹೆಸರು ಹೇಳಿದರು, ಖಾತೆ ಸಂಖ್ಯೆ ಹೇಳಿದರು. ಆಮೇಲೆ ರಿಸೀವರನ್ನು ಕಿವಿಯಿಂದ ದೂರ ಹಿಡಿದರು.

“ಏನಂತೆ?” ಅಂದೆ.

“ಹುಟ್ಟಿದ ದಿನ ಕೇಳ್ತಿದಾಳೆ.”

“ಹೇಳಿ ಮತ್ತೆ!”

ಅವರು ಹಿಂದೆ ತಿರುಗಿ ನೋಡಿದರು. ಬೆಂಚಿನ ಮೇಲೆ ಒಂಟಿ ಹುಬ್ಬಿನವರು. ಅವರ ಪಕ್ಕ ಟೋಕನ್ ಹಿಡಿದ ಇಬ್ಬರು ಹೆಂಗಸರು, ಅವರೂ ಪಾರ್ಲರಿನ ಗಿರಾಕಿಗಳೇ. ಮೂವರೂ ಮಾತು ನಿಲ್ಲಿಸಿ ಕಿವಿಯಾಗಿ ಕೂತಿದ್ದರು. ಪಾರ್ಲರಿನವರು ರಿಸೀವರಿಗೆ ಕೈ ಅಡ್ಡ ಹಿಡಿದು, ದಿನ ಮತ್ತು ತಿಂಗಳು ಗಟ್ಟಿಯಾಗಿ ಹೇಳಿ, ವರ್ಷವನ್ನು ಉಸಿರಿನಲ್ಲಿ ಹೇಳಿದರು.

“ವರ್ಷ ಕೇಳಿಸ್ಲಿಲ್ಲ ಮೇಡಂ, ಸ್ವಲ್ಪ ಜೋರಾಗಿ ಹೇಳಿ” ಅನ್ನುವುದು ನನಗೂ ಕೇಳಿಸಿತು.

“ಮೇಡಂ, ಫ್ಯಾನ್ ಜೋರಾಗಿ ಹಾಕ್ಸಿ” ಅಂದರು ನನಗೆ.

“ಫುಲ್ಲಲ್ಲೇ ಇದೆ. ಹೇಳಿಬಿಡ್ರೀ, ಒಂದೊಂದು ಸೆಕೆಂಡಿಗೂ ದುಡ್ಡು ಹೋಗ್ತಿರುತ್ತೆ!”

“ನಿಮಗೇನು ಮೇಡಂ. ನನ್ನ ಮುಖಾನೇ ನನ್ನ ಅಂಗಡಿ ಬೋರ್ಡು. ವಯಸ್ಸು ಗೊತ್ತಾದ್ರೆ ಯಾರು ಬರ್ತಾರೆ?”

ಆ ಕ್ಷಣ ಈಗಲೂ ನನಗೆ ಕನಸಿನ ಹಾಗೆ ನೆನಪಿದೆ. ಫ್ಯಾನು ತಿರುಗುತ್ತಿದೆ, ಯಾರೂ ಉಸಿರಾಡುತ್ತಿಲ್ಲ, ಕಿಟಕಿಯಲ್ಲಿ ಹೂವೊಂದು ಗಾಳಿಗೆ ತೇಲಿಕೊಂಡೇ ಇದೆ, ಕೆಳಗೆ ಬೀಳುತ್ತಲೇ ಇಲ್ಲ. ಒಂದು ಕಡೆ ಹನ್ನೊಂದು ವರ್ಷದ ಕನ್ನಡಿ. ಇನ್ನೊಂದು ಕಡೆ ಅದಕ್ಕಿಂತ ಹೆಚ್ಚು ವರ್ಷ ಜೋಪಾನ ಮಾಡಿದ ಗುಟ್ಟು. ಅವರು ಕಣ್ಣು ಮುಚ್ಚಿದರು. ಉಸಿರೆಳೆದುಕೊಂಡರು. ವರ್ಷವನ್ನು ನಾಲ್ಕು ಬೀದಿಗೆ ಕೇಳುವ ಹಾಗೆ ಹೇಳಿಬಿಟ್ಟರು.

ಬೆಂಚಿನ ಮೇಲೆ ಮೂವರೂ ಬೆರಳು ಮಡಚಿ ಎಣಿಸಿದರು. ಐವತ್ತಾರು! ಒಂಟಿ ಹುಬ್ಬಿನವರ ಆ ಒಂದು ಹುಬ್ಬು ಹಣೆಯ ತುದಿಗೆ ಹೋಗಿ ನಿಂತಿತು.

ನಾನು ರಿಸೀವರ್ ಇಸಿದುಕೊಂಡೆ. ಆ ಕಡೆಯ ಹುಡುಗಿ, “ಮೇಡಂ, ಇವರ ನೆಟ್ ಬ್ಯಾಂಕಿಂಗ್ ಆಗಲೇ ಲಾಕ್ ಆಗಿದೆ. ಹತ್ತು ನಿಮಿಷದ ಹಿಂದೆ ಯಾರೋ ಹೊಸ ಫೋನಿಂದ ಒಳಗೆ ಬರೋಕೆ ನೋಡಿದಾರೆ. ಪಾಸ್‌ವರ್ಡ್ ಸರಿ ಇತ್ತು. ಹುಟ್ಟಿದ ದಿನ ಮೂರು ಸಲ ತಪ್ಪು ಹಾಕಿದ್ದಕ್ಕೆ ತಾನಾಗೇ ಲಾಕ್ ಆಗಿದೆ. ದುಡ್ಡು ಒಂದು ರೂಪಾಯಿನೂ ಹೋಗಿಲ್ಲ” ಅಂದಳು. ಕಾರ್ಡನ್ನೂ ನಿಲ್ಲಿಸಿದಳು.

ನಾನು ಪಾರ್ಲರಿನವರ ಕಡೆ ತಿರುಗಿದೆ. “ದುಡ್ಡು ಉಳೀತು. ಆದ್ರೆ ಕಳ್ಳ ಹುಟ್ಟಿದ ದಿನ ತಪ್ಪು ಹಾಕಿದಾನಂತೆ. ಆ ಪುಟದಲ್ಲಿ ನೀವು ಅದನ್ನ ಬರೀಲಿಲ್ವಾ?”

“ಬರೆದೆ ಮೇಡಂ.” ದನಿ ತಗ್ಗಿಸಿದರು. “ಹದಿನಾರು ವರ್ಷ ಕಮ್ಮಿ ಹಾಕಿ ಬರೆದೆ.”

“ಪಾಸ್‌ವರ್ಡ್ ಸರಿಯಾಗಿ ಬರೆದು, ವಯಸ್ಸು ಸುಳ್ಳು ಬರೆದ್ರಾ?”

“ಪಾಸ್‌ವರ್ಡ್ ಬ್ಯಾಂಕಿನವರು ತಾನೆ ಕೇಳ್ತಿರೋದು ಅಂತ ಕೊಟ್ಟೆ. ವಯಸ್ಸು ಕೇಳಿದಾಗ ಅನುಮಾನ ಬಂತು. ಗುರುತು ಪರಿಚಯ ಇಲ್ಲದೋರಿಗೆ ಅದೆಲ್ಲಾ ಯಾಕೆ ಹೇಳ್ಬೇಕು?”

ಇಡೀ ಶಾಖೆ ನಕ್ಕಿತು. ಅವರು ಮಾತ್ರ ನಗಲಿಲ್ಲ. ಕುರ್ಚಿಯಲ್ಲಿ ಕುಸಿದು ಕೂತು, “ಹಾಗಾದ್ರೆ ಆಗಲೇ ಲಾಕ್ ಆಗಿತ್ತಾ? ನಾನು ಕೂಗಿ ಹೇಳೋ ಅವಶ್ಯಕತೆನೇ ಇರ್ಲಿಲ್ವಾ?” ಅಂದರು. ಕಣ್ಣಲ್ಲಿ ನೀರು.

ಅವರಿಂದ ಸೈಬರ್ ಪೊಲೀಸರಿಗೆ ದೂರು ಬರೆಸುತ್ತಿದ್ದೆ. ಒಂಟಿ ಹುಬ್ಬಿನವರು ಎದ್ದು ಬಂದು ಅವರ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದರು. “ಐವತ್ತಾರಾ? ಈ ಮುಖಕ್ಕೆ? ನಂಗೆ ನಲವತ್ನಾಲ್ಕು ಕಣ್ರೀ, ನಿಮ್ಮ ಅಕ್ಕನ ಥರ ಇದೀನಿ! ನೀವು ಅದೇನು ಹಚ್ಕೋತೀರೋ, ಹುಬ್ಬು ಹಾಳಾಗಿ ಹೋಗ್ಲಿ, ಮೊದಲು ಅದನ್ನ ನಂಗೆ ಹಚ್ಚಿ!” ಟೋಕನ್ ಹಿಡಿದಿದ್ದ ಇಬ್ಬರೂ ಟೋಕನ್ ಬಿಟ್ಟು ಪಾರ್ಲರಿಗೆ ಹೊರಟರು.

ಮೂರು ತಿಂಗಳಲ್ಲಿ ಪಾರ್ಲರ್ ಮುಖ್ಯರಸ್ತೆಗೆ ಬಂತು. ಮೊನ್ನೆ ನಾನೂ ಹೋಗಿದ್ದೆ. ಗೋಡೆಯಗಲ ಕನ್ನಡಿ. ಅದರಲ್ಲಿ ಸಂಜೆಯ ಬಿಸಿಲು, ಬಸ್ಸುಗಳು, ಹೂ ಮಾರುವವರು, ಇಡೀ ಬೀದಿ ಮೌನವಾಗಿ ತೇಲಿಹೋಗುತ್ತಿತ್ತು. ಯಾರೋ ಹೊಸ ಗಿರಾಕಿ ಕುರ್ಚಿಯಲ್ಲಿ ಕೂತು, “ಆಂಟಿ, ನಿಮಗೆ ವಯಸ್ಸೆಷ್ಟು?” ಅಂತ ಕೇಳಿದಳು.

“ಅರವತ್ತೆರಡು” ಅಂದರು ಪಾರ್ಲ‌ರಿನವರು, ಕಣ್ಣು ಮಿಟುಕಿಸದೆ.

ಹುಡುಗಿ ಬೆಕ್ಕಸಬೆರಗಾಗಿ ಅತಿ ದುಬಾರಿ ಫೇಷಿಯಲ್‌ಗೆ ಹೂಂ ಅಂದಳು. ನಾನು ಅವರನ್ನು ಪಕ್ಕಕ್ಕೆ ಕರೆದು, “ಏನ್ರೀ ಇದು, ಈಗ ಆರು ವರ್ಷ ಜಾಸ್ತಿ ಹೇಳ್ತೀರಾ?” ಅಂದೆ.

“ಸುಮ್ನಿರಿ ಮೇಡಂ” ಅಂದರು ಮೆಲ್ಲಗೆ. “ವಯಸ್ಸು ಪಾಸ್‌ವರ್ಡ್ ಇದ್ದ ಹಾಗೆ. ಒಂದ್ಸಲ ಹೊರಗೆ ಗೊತ್ತಾಯ್ತು ಅಂದ್ರೆ ತಕ್ಷಣ ಬದಲಾಯಿಸಿಬಿಡ್ಬೇಕು.”